ವರ್ಣನೆಯಿಂದ ಕಥೆಗೆ: ವಿನೋದೋದ್ಯಾನಗಳಲ್ಲಿ ಚಲನಚಿತ್ರದ ಪ್ರವೇಶ

೧

ವಿನೋದೋದ್ಯಾನಗಳನ್ನು ಕುರಿತ ಚರ್ಚೆಗೆ ಸಾಹಿತ್ಯ ಸಂಶೋಧನೆಯ ಪುಟಗಳಲ್ಲಿ ಎಡೆಯುಂಟೆ ಎಂಬ ಪ್ರಶ್ನೆ ಏಳುವುದು ಸಹಜ. ಜಯಂಟ್ ವೀಲು, ಪುಟಾಣಿ ರೈಲು, ಭೂತಬಂಗಲೆ, ನೀರಿನ ಜಾರುಬಂಡೆ ಮೊದಲಾದವು ಮಕ್ಕಳನ್ನು ನಲಿಸಲು ಹುಟ್ಟಿದವು. ಅವುಗಳಲ್ಲಿ ಅರ್ಥ ಹುಡುಕುವುದು ಪಂಡಿತರ ಅತಿರೇಕವೆಂದು ಕೆಲವರಿಗೆ ತೋರಬಹುದು. ಆದರೆ ಒಂದು ಸಮಾಜವು ತನ್ನ ಬಿಡುವಿನ ವೇಳೆಯಲ್ಲಿ ಯಾವ ಬಗೆಯ ಬೆರಗನ್ನು ಬಯಸುತ್ತದೆ, ಆ ಬೆರಗಿಗೆ ಯಾವ ರೂಪವನ್ನು ಕೊಡುತ್ತದೆ ಎಂಬುದು ಅದರ ಕಾವ್ಯಾಭಿರುಚಿಗೆ ಹೊರತಾದ ಸಂಗತಿಯಲ್ಲ. ನಮ್ಮ ಪ್ರಾಚೀನ ಲಾಕ್ಷಣಿಕರು ಉದ್ಯಾನಕ್ರೀಡೆಯನ್ನೂ ಜಲಕ್ರೀಡೆಯನ್ನೂ ಮಹಾಕಾವ್ಯದ ಅಂಗಗಳೆಂದೇ ಎಣಿಸಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಕಳೆದ ಎರಡು ಮೂರು ದಶಕಗಳಲ್ಲಿ ಜಗತ್ತಿನ ದೊಡ್ಡ ವಿನೋದೋದ್ಯಾನಗಳಲ್ಲಿ ಒಂದು ಪಲ್ಲಟ ಸ್ಪಷ್ಟವಾಗಿ ಕಾಣುತ್ತಿದೆ. ಯಾವುದೇ ಪ್ರಸಿದ್ಧ ಕಥೆಯ ಹಂಗಿಲ್ಲದೆ ಒಂದು ಕಡಲನ್ನೋ ಕಾಡನ್ನೋ ದೂರದ ದೇಶವನ್ನೋ ಅನುಭವಕ್ಕೆ ತಂದುಕೊಡುತ್ತಿದ್ದ ಹಳೆಯ ಆಕರ್ಷಣೆಗಳು ಒಂದೊಂದಾಗಿ ತೆರವಾಗಿ, ಅವುಗಳ ಸ್ಥಾನದಲ್ಲಿ ಚಲನಚಿತ್ರಗಳ ಕಥೆ ಮತ್ತು ಪಾತ್ರಗಳನ್ನು ಆಧರಿಸಿದ ಆಕರ್ಷಣೆಗಳು ಬರುತ್ತಿವೆ. ನಮ್ಮಲ್ಲಿ ಅಂತಹ ಬೃಹತ್ ಉದ್ಯಾನಗಳು ಕಡಿಮೆ. ಆದರೂ ಇದೇ ಪಲ್ಲಟ ಬೇರೆ ಬೇರೆ ವೇಷಗಳಲ್ಲಿ ನಮ್ಮ ರಂಗಮಂದಿರದಲ್ಲಿ, ಯಕ್ಷಗಾನದ ಡೇರೆಯಲ್ಲಿ, ಬೆಟ್ಟದ ತಪ್ಪಲಿನಲ್ಲಿ, ಫಲಪುಷ್ಪ ಪ್ರದರ್ಶನದಲ್ಲಿ ನಡೆದಿದೆ. ಪ್ರಸ್ತುತ ಲೇಖನವು ಈ ಪಲ್ಲಟವನ್ನು ನಮ್ಮ ಕಾವ್ಯಮೀಮಾಂಸೆಯ ಎರಡು ಹಳೆಯ ಪರಿಕಲ್ಪನೆಗಳಾದ 'ವರ್ಣನೆ' ಮತ್ತು 'ಕಥೆ'ಗಳ ನೆರವಿನಿಂದ ಪರಿಶೀಲಿಸಲು ಯತ್ನಿಸುತ್ತದೆ.

ಹಳೆಯದು ಅಳಿಯಿತೆಂಬ ಹಳಹಳಿಕೆ ನಮ್ಮ ಉದ್ದೇಶವಲ್ಲ. ಚಲನಚಿತ್ರವು ಕೀಳು ಮಾಧ್ಯಮ, ಅದರ ಸೋಂಕಿನಿಂದ ಉಳಿದ ಕಲೆಗಳು ಮಲಿನವಾಗುತ್ತವೆ ಎಂಬ ಮಡಿವಂತಿಕೆಯೂ ನಮಗೆ ಸಮ್ಮತವಲ್ಲ. ನಮ್ಮ ಮುಂದಿರುವ ಪ್ರಶ್ನೆಗಳು ಎರಡು. ವರ್ಣನೆಯ ಜಾಗವನ್ನು ಕಥೆ ಆಕ್ರಮಿಸಿದಾಗ ನೋಡುಗನ ಸ್ಥಾನದಲ್ಲಿ ಏನು ಬದಲಾಗುತ್ತದೆ? ಆ ಕಥೆಗೆ ಒಬ್ಬ ಒಡೆಯನಿದ್ದಾಗ ಬದಲಾವಣೆಯ ಸ್ವರೂಪವೇನು?

೨

ಚರ್ಚೆಯನ್ನು ನಾವಿರುವ ದೆಹಲಿಯಿಂದಲೇ ಆರಂಭಿಸಬಹುದು. ೧೯೮೨ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿಯ ಹೆಸರು ಅಪ್ಪು. ಆ ಹೆಸರಿನಲ್ಲೇ ೧೯೮೪ರ ನವೆಂಬರ್ ೧೯ರಂದು ಪ್ರಗತಿ ಮೈದಾನದಲ್ಲಿ 'ಅಪ್ಪು ಘರ್' ತೆರೆಯಿತು. ಭಾರತದ ಮೊದಲ ವಿನೋದೋದ್ಯಾನವೆಂದು ಅದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಅಲ್ಲಿನ ಆಟಗಳಿಗೆ ಕಥೆಯ ಹಂಗಿರಲಿಲ್ಲ. ತಿರುಗುವ ಚಕ್ರ, ತೂಗುವ ಹಡಗು, ಏರಿಳಿಯುವ ಹಳಿ ಇವೆಲ್ಲ ದೇಹವನ್ನು ನೇರವಾಗಿ ಮುಟ್ಟುವ ಅನುಭವಗಳು. ಲಾಂಛನದ ಆನೆಗೂ ಒಂದು ಹೆಸರಿತ್ತೇ ಹೊರತು ಚರಿತ್ರೆಯಿರಲಿಲ್ಲ. ಪ್ರತಿ ಮಗುವೂ ತನಗೆ ಬೇಕಾದ ಕಥೆಯನ್ನು ಅದಕ್ಕೆ ಕಟ್ಟಿಕೊಳ್ಳಬಹುದಾಗಿತ್ತು. ಸರ್ವೋಚ್ಚ ನ್ಯಾಯಾಲಯದ ವಿಸ್ತರಣೆಗೂ ಮೆಟ್ರೋ ಕಾಮಗಾರಿಗೂ ಆ ನೆಲ ಬೇಕಾದುದರಿಂದ ೨೦೦೮ರ ಫೆಬ್ರವರಿಯಲ್ಲಿ ಅಪ್ಪು ಘರ್ ಮುಚ್ಚಿತು.

ಎರಡು ವರ್ಷಗಳ ಅನಂತರ, ೨೦೧೦ರಲ್ಲಿ, ನೆರೆಯ ಗುರುಗ್ರಾಮದ ೨೯ನೆಯ ಸೆಕ್ಟರಿನಲ್ಲಿ 'ಕಿಂಗ್‌ಡಮ್ ಆಫ್ ಡ್ರೀಮ್ಸ್' ಎಂಬ ವಿನೋದ ಸಂಕೀರ್ಣ ಆರಂಭವಾಯಿತು. ಒಂದರ ಜಾಗಕ್ಕೆ ಇನ್ನೊಂದು ಬಂದಿತೆಂದು ಹೇಳುವಂತಿಲ್ಲ. ಸ್ಥಳ ಬೇರೆ, ಒಡೆತನ ಬೇರೆ. ಆದರೂ ರಾಜಧಾನಿಯ ವಿನೋದದ ಕಲ್ಪನೆ ಯಾವ ದಿಕ್ಕಿಗೆ ಸರಿಯಿತೆಂಬುದನ್ನು ಈ ಎರಡು ಹೆಸರುಗಳು ಸೂಚಿಸುತ್ತವೆ. ಹಿಂದಿ ಚಿತ್ರನಟ ಶಾರುಖ್ ಖಾನ್ ಹೊಸ ಸಂಕೀರ್ಣದ ಪ್ರಚಾರದ ಮುಖವಾಗಿದ್ದರು. ಎಂಟುನೂರಕ್ಕೂ ಹೆಚ್ಚು ಆಸನಗಳಿದ್ದ ಅದರ ಮುಖ್ಯ ರಂಗಮಂದಿರಕ್ಕೆ 'ನೌಟಂಕಿ ಮಹಲ್' ಎಂದು ಹೆಸರಿಡಲಾಗಿತ್ತು. ಅಲ್ಲಿ ಮೊದಲು ಪ್ರದರ್ಶಿತವಾದ 'ಜಂಗೂರಾ' ಹಿಂದಿ ಚಿತ್ರಗೀತೆಗಳನ್ನು ಪೋಣಿಸಿದ ಸಂಗೀತರೂಪಕ. ಅನಂತರ ಬಂದ 'ಝುಮ್ರೂ' ಕಿಶೋರ್ ಕುಮಾರ್ ಅವರ ಹಾಡುಗಳನ್ನು ಆಧರಿಸಿತ್ತು.

ಇಲ್ಲಿ ಗಮನಿಸಬೇಕಾದುದು 'ನೌಟಂಕಿ' ಎಂಬ ಹೆಸರಿನ ಪ್ರಯಾಣವನ್ನು. ಹಾಥರಸ್ ಮತ್ತು ಕಾನ್ಪುರ ಶೈಲಿಗಳಲ್ಲಿ ಬೆಳೆದ, ನಗಾರಿಯ ಸದ್ದಿಗೆ ಊರೇ ನೆರೆಯುತ್ತಿದ್ದ ಉತ್ತರ ಭಾರತದ ಜನಪದ ರಂಗಭೂಮಿ ಅದು. ನಮ್ಮ ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳ ಸೋದರ ಪ್ರಕಾರ. ೧೯೬೬ರ 'ತೀಸ್ರೀ ಕಸಮ್' ಚಿತ್ರ ನೌಟಂಕಿ ಕಂಪನಿಯ ಕಲಾವಿದೆಯ ಬದುಕನ್ನು ತೆರೆಗೆ ತಂದಿತು. ಕಾಲಕ್ರಮದಲ್ಲಿ ನೌಟಂಕಿಯ ಮೇಳಗಳೇ ಜನರನ್ನು ಹಿಡಿದಿಡಲು ಚಿತ್ರಗೀತೆಗಳನ್ನು ಹಾಡತೊಡಗಿದವು. ಕೊನೆಗೆ ಗುರುಗ್ರಾಮದ ಮಹಲಿನಲ್ಲಿ ಹಣೆಪಟ್ಟಿಗೆ ಮಾತ್ರ ನೌಟಂಕಿ ಉಳಿದು ಒಡಲೆಲ್ಲ ಚಿತ್ರಗೀತೆಯಾಯಿತು. ಬಾಕಿ ಹಣದ ವಿವಾದದಿಂದ ೨೦೨೨ರಲ್ಲಿ ಆ ಸಂಕೀರ್ಣಕ್ಕೆ ಬೀಗಮುದ್ರೆ ಬಿತ್ತು. ಚಿತ್ರಗೀತೆಗೆ ಇದರಿಂದ ನಷ್ಟವೇನೂ ಆಗಲಿಲ್ಲ, ಅದಕ್ಕೆ ಬೇರೆ ನೂರು ಮನೆಗಳಿವೆ. ಹೆಸರನ್ನು ಸಾಲ ಕೊಟ್ಟ ನೌಟಂಕಿಗೆ ಮಾತ್ರ ಮರಳಿ ಹೋಗಲು ಹಳೆಯ ಅಂಗಳ ಉಳಿದಿರಲಿಲ್ಲ.

ದಕ್ಷಿಣ ದೆಹಲಿಯ ವಸಂತ್ ಕುಂಜ್ ಬಡಾವಣೆಯ ಹೆಸರನ್ನೂ ಈ ಹಿನ್ನೆಲೆಯಲ್ಲಿ ನೋಡಬಹುದು. ವಸಂತಕುಂಜವೆಂದರೆ ವಸಂತ ಋತುವಿನ ಬಳ್ಳಿಮಾಡ. ಯಾವುದೋ ಚಂಪೂಕಾವ್ಯದ ವನವಿಹಾರ ಪ್ರಕರಣದಿಂದ ಎತ್ತಿ ತಂದಂತಹ ಹೆಸರು. ಇಂದು ಅಲ್ಲಿ ನೆಲ್ಸನ್ ಮಂಡೇಲಾ ಮಾರ್ಗದ ಬದಿಗೆ ಒತ್ತೊತ್ತಾಗಿ ನಿಂತ ಮಾಲ್‌ಗಳೂ ಅವುಗಳೊಳಗೆ ಚಿತ್ರಮಂದಿರಗಳೂ ಇವೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಡೆ, ಗಣಿಗಾರಿಕೆಯಿಂದ ಬರಡಾಗಿದ್ದ ಅರಾವಳಿಯ ನೆಲದಲ್ಲಿ ಸ್ಥಳೀಯ ಗಿಡಮರಗಳನ್ನು ಮತ್ತೆ ಬೆಳೆಸಿ ರೂಪಿಸಿದ, ಸುಮಾರು ೬೯೦ ಎಕರೆ ವಿಸ್ತಾರದ ಅರಾವಳಿ ಜೀವವೈವಿಧ್ಯ ಉದ್ಯಾನವಿದೆ. ಒಂದು ಕಡೆ ಕಥೆಗಳ ಪೇಟೆ, ಇನ್ನೊಂದು ಕಡೆ ಕಥೆಯಿಲ್ಲದ ಕಾಡು. ರಜೆಯ ಸಂಜೆ ಜನಸಂದಣಿ ಯಾವ ಕಡೆಗೆ ಹರಿಯುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಹೀಗೇಕೆ ಎಂಬುದಕ್ಕೆ ಉತ್ತರ ಕಾಣಲು ವರ್ಣನೆಯ ಸ್ವರೂಪವನ್ನೇ ವಿಚಾರಿಸಬೇಕಾಗುತ್ತದೆ.

೩

ದಂಡಿಯು 'ಕಾವ್ಯಾದರ್ಶ'ದಲ್ಲಿ ಮಹಾಕಾವ್ಯದ ಲಕ್ಷಣವನ್ನು ಹೇಳುವಾಗ ಎಣಿಸಿದ ವರ್ಣನಾಂಗಗಳು ಕನ್ನಡದಲ್ಲಿ 'ಅಷ್ಟಾದಶ ವರ್ಣನೆ'ಗಳೆಂದು ರೂಢಿಗೊಂಡವು. ಪುರ, ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯ, ಉದ್ಯಾನಕ್ರೀಡೆ, ಜಲಕ್ರೀಡೆ ಮೊದಲಾದವು ಆ ಪಟ್ಟಿಯಲ್ಲಿವೆ. ಆಧುನಿಕ ವಿಮರ್ಶೆ ಈ ವರ್ಣನೆಗಳನ್ನು ಅಷ್ಟಾಗಿ ಆದರಿಸಲಿಲ್ಲ. ಅವು ಕಥೆಯ ಓಟಕ್ಕೆ ಅಡ್ಡಬರುವ ಸಂಪ್ರದಾಯದ ಹೊರೆಗಳೆಂಬ ಅಭಿಪ್ರಾಯ ಪಠ್ಯಪುಸ್ತಕಗಳವರೆಗೂ ಇಳಿದುಬಂದಿದೆ. ಸುಬಂಧುವಿನ 'ವಾಸವದತ್ತಾ'ದಿಂದ ಪ್ರೇರಿತವಾದ ನೇಮಿಚಂದ್ರನ 'ಲೀಲಾವತಿ ಪ್ರಬಂಧ'ದಂತಹ ಕಾವ್ಯದ ಬಗ್ಗೆ ನಮ್ಮ ಸಾಹಿತ್ಯಚರಿತ್ರೆಗಳು ಹೇಳುವ ಮೊದಲ ಮಾತೇ ಅದರಲ್ಲಿ ಕಥೆ ಕಡಿಮೆ, ವರ್ಣನೆ ಹೆಚ್ಚು ಎಂಬುದು.

ಆದರೆ ವರ್ಣನೆಗೆ ಕಥೆಯಲ್ಲಿಲ್ಲದ ಒಂದು ಗುಣವಿದೆ. ಕಥೆಯಲ್ಲಿ ಓದುಗ ಇನ್ನೊಬ್ಬನ ಹಿಂದೆ ನಡೆಯುತ್ತಾನೆ. ನಾಯಕನಿಗೆ ಏನಾಯಿತೆಂಬುದೇ ಅಲ್ಲಿ ಮುಖ್ಯ. ವರ್ಣನೆಯಲ್ಲಿ ನಾಯಕ ಬದಿಗೆ ಸರಿದು ನಿಂತಿರುತ್ತಾನೆ. ಕಡಲಿನ ಎದುರು, ಬೆಳದಿಂಗಳಿನ ಎದುರು ಓದುಗ ತಾನೇ ತಾನಾಗಿ ನಿಲ್ಲುತ್ತಾನೆ. ಅಲ್ಲಿ ಅವನು ಯಾರ ಬದುಕಿಗೂ ಸಾಕ್ಷಿಯಲ್ಲ, ಆ ಹೊತ್ತಿನ ಅನುಭವಕ್ಕೆ ಅವನೇ ಒಡೆಯ. ಭಟ್ಟನಾಯಕನಿಂದ ಮೊದಲ್ಗೊಂಡು ರಸಮೀಮಾಂಸಕರು ಹೇಳುವ 'ಸಾಧಾರಣೀಕರಣ', ಅಂದರೆ ಕಾವ್ಯದ ವಿಭಾವಾದಿಗಳು ಇಂಥವನವು ಎಂಬ ವಿಶೇಷವನ್ನು ಕಳೆದುಕೊಂಡು ಎಲ್ಲರವೂ ಆಗುವ ವ್ಯಾಪಾರ, ವರ್ಣನೆಯಲ್ಲಿ ಹೆಚ್ಚು ಸರಾಗವಾಗಿ ನಡೆಯುತ್ತದೆ. ಹೆಸರು ಹೊತ್ತ ನಾಯಕನನ್ನು ದಾಟಿ ಬರುವ ಶ್ರಮ ಅಲ್ಲಿಲ್ಲ.

ಹಳೆಯ ವಿನೋದೋದ್ಯಾನದ ಪ್ರಸಿದ್ಧ ಆಕರ್ಷಣೆಗಳು ಈ ಅರ್ಥದಲ್ಲಿ ವರ್ಣನೆಗಳೇ ಆಗಿದ್ದವು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೫೫ರಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ಚಲನಚಿತ್ರಗಳನ್ನು ಆಧರಿಸಿದ ಆಟಗಳು ಮೊದಲ ದಿನದಿಂದಲೂ ಇದ್ದವೆಂಬುದನ್ನು ಮರೆಯಬಾರದು. ಚಲನಚಿತ್ರದ ನೆಂಟಸ್ತಿಕೆ ಇಂದಿನದಲ್ಲ. ಆದರೆ ಅವುಗಳ ಜೊತೆಗೇ ಬೇರೆ ಬಗೆಯವೂ ಬೆಳೆದವು. ೧೯೬೭ರಲ್ಲಿ ಅಲ್ಲಿ ಆರಂಭವಾದ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಎಂಬ ದೋಣಿಯಾನದಲ್ಲಿ ಕಡಲ್ಗಳ್ಳರು ಮುತ್ತಿದ ಬಂದರುಪಟ್ಟಣದ ನಡುವೆ ಪ್ರವಾಸಿ ತೇಲಿಹೋಗುತ್ತಿದ್ದ. ಅಲ್ಲಿ ಪುರವರ್ಣನೆಯಿತ್ತು, ಸಮುದ್ರವರ್ಣನೆಯಿತ್ತು, ಪಾನಗೋಷ್ಠಿಯೂ ಇತ್ತು; ನಾಯಕ ಮಾತ್ರ ಇರಲಿಲ್ಲ. ಆ ಆಟದಿಂದಲೇ ೨೦೦೩ರಲ್ಲಿ ಒಂದು ಚಲನಚಿತ್ರ ಹುಟ್ಟಿತು. ಚಿತ್ರ ಗೆದ್ದ ಮೇಲೆ ೨೦೦೬ರಲ್ಲಿ ಅದರ ನಾಯಕ ಜ್ಯಾಕ್ ಸ್ಪ್ಯಾರೋನ ಬೊಂಬೆಗಳು ಆಟದೊಳಗೆ ಬಂದು ಕುಳಿತವು. ಮಗಳು ತವರಿಗೆ ಬಂದಂತೆ ಕಥೆಯು ವರ್ಣನೆಯ ಮನೆಗೆ ಮರಳಿತು. ಮರಳಿದ್ದು ಮಾತ್ರ ಯಜಮಾನಿಕೆಯೊಂದಿಗೆ. ಅಂದಿನಿಂದ ದೋಣಿಯಲ್ಲಿ ಕುಳಿತವರ ಕಣ್ಣು ಪಟ್ಟಣವನ್ನು ಬಿಟ್ಟು ಆ ಒಂದು ಮುಖವನ್ನು ಅರಸತೊಡಗಿತು.

ಇನ್ನೊಂದು ನಿದರ್ಶನ ಇದಕ್ಕಿಂತ ತೀಕ್ಷ್ಣವಾದುದು. ಫ್ಲಾರಿಡಾದ ಎಪ್‌ಕಾಟ್ ಉದ್ಯಾನದ ನಾರ್ವೆ ವಿಭಾಗದಲ್ಲಿ ೧೯೮೮ರಿಂದ 'ಮೇಲ್‌ಸ್ಟ್ರಾಮ್' ಎಂಬ ಜಲಯಾನವಿತ್ತು. ಆ ದೇಶದ ವೈಕಿಂಗರು, ಜನಪದ ಕಥೆಗಳ ಟ್ರೋಲ್‌ಗಳು, ಕಡಲ ನಡುವಿನ ತೈಲಸ್ಥಾವರ ಅದರಲ್ಲಿ ಕಾಣುತ್ತಿದ್ದವು. ೨೦೧೪ರಲ್ಲಿ ಅದು ಮುಚ್ಚಿ, ೨೦೧೬ರಲ್ಲಿ ಅದೇ ಕಾಲುವೆಯಲ್ಲಿ 'ಫ್ರೋಜನ್' ಚಿತ್ರವನ್ನು ಆಧರಿಸಿದ ಆಟ ಆರಂಭವಾಯಿತು. ಇರುವ ದೇಶವೊಂದರ ಜಾಗದಲ್ಲಿ ಇಲ್ಲದ ಅರೆಂಡೆಲ್ ಎಂಬ ರಾಜ್ಯ ಬಂದು ನಿಂತಿತು. ಫ್ಲಾರಿಡ ರಾಜ್ಯದಲ್ಲೇ ಇರುವ ಯೂನಿವರ್ಸಲ್ ಸಂಸ್ಥೆಯ ಉದ್ಯಾನದಲ್ಲಿ ೧೯೯೯ರಿಂದ ಇದ್ದ 'ಡ್ಯೂಲಿಂಗ್ ಡ್ರ್ಯಾಗನ್ಸ್' ಎಂಬ ರೋಲರ್ ಕೋಸ್ಟರ್ ೨೦೧೦ರಲ್ಲಿ ಹ್ಯಾರಿ ಪಾಟರನ ಲೋಕಕ್ಕೆ ಸೇರಿತು. ಹಳಿ ಅದೇ, ವೇಗ ಅದೇ. ಬದಲಾದುದು ಹೆಸರು ಮತ್ತು ಅಲಂಕಾರ. ದೇಹದ ಅನುಭವಕ್ಕೆ ಕಥೆಯ ಅಗತ್ಯವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

೪

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕನ್ನಡದ ಪ್ರಾಚೀನ ಕಾವ್ಯಪರಂಪರೆಯ ಬಹುಭಾಗ ಜನರಿಗೆ ಮೊದಲೇ ಗೊತ್ತಿದ್ದ ಕಥೆಗಳ ಮರುನಿರೂಪಣೆಯಲ್ಲವೆ? ಪಂಪ, ರನ್ನ, ಕುಮಾರವ್ಯಾಸರು ಭಾರತವನ್ನೇ ಹೇಳಿದರು. ರಾಮಾಯಣ ಬರೆದ ಕವಿಗಳ ಸಂಖ್ಯೆಯೇ ಹೊರೆಯಾಯಿತೆಂದು ಕುಮಾರವ್ಯಾಸ ತಮಾಷೆ ಮಾಡುವಷ್ಟು ಈ ಮರುನಿರೂಪಣೆ ಬೆಳೆದಿತ್ತು. ಮೇಲಾಗಿ ಹತ್ತನೆಯ ಶತಮಾನದ ಕವಿಗಳು ಗೊತ್ತಿದ್ದ ಕಥೆಯ ಮೇಲೆ ತಮ್ಮ ಪ್ರಭುವಿನ ಹೆಸರನ್ನೂ ಹೊದಿಸಿದರು. ಪಂಪನ ಅರ್ಜುನ ಅರಿಕೇಸರಿಯಾದ, ರನ್ನನ ಭೀಮ ಸತ್ಯಾಶ್ರಯನಾದ. ಅದೇ ಹಳಿಗೆ ಬೇರೆ ಹೆಸರು ಕೊಡುವ ಕೌಶಲ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಈಚೆಗೆ ಹರಿಹರನ ರಗಳೆ, ರಾಘವಾಂಕನ ಷಟ್ಪದಿಗಳು ವರ್ಣನೆಯ ಭಾರವನ್ನು ಇಳಿಸಿ ಕಥೆಯನ್ನು ಮುನ್ನೆಲೆಗೆ ತಂದಾಗ ಕಾವ್ಯ ಆಸ್ಥಾನದಿಂದ ಊರಿನ ಜಗುಲಿಗೆ ಬಂದಿತು. ಹಾಗಾದರೆ ಕಥೆಯ ಪ್ರವೇಶವನ್ನು ಅವನತಿಯೆಂದು ಹೇಗೆ ಹೇಳುವುದು?

ಆಕ್ಷೇಪ ಬಲವಾದುದೇ. ಕಥೆಯ ಪ್ರವೇಶವು ತನ್ನಷ್ಟಕ್ಕೆ ಅವನತಿಯಲ್ಲವೆಂದು ನಾವೂ ಒಪ್ಪುತ್ತೇವೆ. ವ್ಯತ್ಯಾಸವಿರುವುದು ಎರಡು ಅಂಶಗಳಲ್ಲಿ. ಮೊದಲನೆಯದು ಮುಖ. ರಾಮನ ಕಥೆ ಎಲ್ಲರಿಗೂ ಗೊತ್ತು, ಆದರೆ ಅವನ ಮುಖ ಯಾರಿಗೂ ಗೊತ್ತಿಲ್ಲ. ಆದುದರಿಂದಲೇ ಶಿಲ್ಪಿ, ಗಮಕಿ, ಬೊಂಬೆಯಾಟದವರು ಅವನನ್ನು ಹೊಸದಾಗಿ ಕಡೆಯುವುದು ಸಾಧ್ಯವಾಯಿತು. ಚಲನಚಿತ್ರದ ಪಾತ್ರ ಬರುವಾಗಲೇ ಒಬ್ಬ ನಟನ ಮುಖ, ಒಂದು ಧ್ವನಿ, ಒಂದು ಉಡುಪಿನೊಂದಿಗೆ ಬರುತ್ತದೆ. ಅದನ್ನು ಮತ್ತೆ ಕಲ್ಪಿಸಿಕೊಳ್ಳುವಂತಿಲ್ಲ, ಗುರುತಿಸಬಹುದು ಅಷ್ಟೆ. ಬೆರಗಿನ ಜಾಗಕ್ಕೆ ಗುರುತು ಹಿಡಿದ ಸಂತೋಷ ಬರುತ್ತದೆ.

ಎರಡನೆಯದು ಒಡೆತನ. ಅರಿಕೇಸರಿಯ ಹೆಸರು ಹೊತ್ತ ಕಾವ್ಯದಲ್ಲಿಯೂ ಕರ್ಣನ ಹಿರಿಮೆಯನ್ನು ಹೇಳಲು ಪಂಪನಿಗೆ ಅಡ್ಡಿಯಾಗಲಿಲ್ಲ. ಸತ್ಯಾಶ್ರಯನನ್ನು ಭೀಮನಾಗಿಸಿದ ರನ್ನನ 'ಗದಾಯುದ್ಧ'ದಲ್ಲಿ ಓದುಗನ ಮನಸ್ಸನ್ನು ಗೆಲ್ಲುವವನು ದುರ್ಯೋಧನ. ಪ್ರಭುವಿನ ಋಣ ತೀರಿಸಿಯೂ ಕವಿ ಪ್ರಭುವನ್ನು ಮೀರಬಲ್ಲವನಾಗಿದ್ದ, ಏಕೆಂದರೆ ಭಾರತಕಥೆ ಪ್ರಭುವಿನ ಸೊತ್ತಾಗಿರಲಿಲ್ಲ. ಚಲನಚಿತ್ರದ ಕಥೆ ಹಾಗಲ್ಲ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಲನಚಿತ್ರವೊಂದರ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ ೬೦ ವರ್ಷಗಳ ಕಾಲ ಅದರ ಒಡೆಯನಲ್ಲಿರುತ್ತದೆ. ಅವನ ಅನುಮತಿಯಿಂದ ಕಟ್ಟಿದ ಆಟದಲ್ಲಿ ಪಾತ್ರ ಒಡೆಯನು ಬಯಸಿದಂತೆಯೇ ಇರಬೇಕು. ಅಲ್ಲಿ ಕರ್ಣನ ಪರವಾಗಿ ಮಾತನಾಡುವ ಪಂಪನಿಗೆ ಅವಕಾಶವಿಲ್ಲ.

ಬದಲಾವಣೆಯೆಲ್ಲ ಹಾನಿಯೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಡಿಸ್ನಿ ಉದ್ಯಾನಗಳ 'ಸ್ಪ್ಲ್ಯಾಶ್ ಮೌಂಟನ್' ಎಂಬ ಜಲಯಾನ ೧೯೪೬ರ 'ಸಾಂಗ್ ಆಫ್ ದಿ ಸೌತ್' ಚಿತ್ರವನ್ನು ಆಧರಿಸಿತ್ತು. ಕಪ್ಪುಜನರ ಬದುಕನ್ನು ಚಿತ್ರಿಸಿದ ರೀತಿಗಾಗಿ ಆ ಚಿತ್ರ ಬಹುಕಾಲದಿಂದ ಟೀಕೆಗೆ ಗುರಿಯಾಗಿತ್ತು. ೨೦೨೪ರಲ್ಲಿ ಅಮೆರಿಕದ ಎರಡು ಉದ್ಯಾನಗಳಲ್ಲಿಯೂ ಅದರ ಜಾಗಕ್ಕೆ ೨೦೦೯ರ ಚಿತ್ರವೊಂದರ ಕಪ್ಪು ನಾಯಕಿ ಟಿಯಾನಾಳ ಕಥೆ ಬಂದಿತು. ಇಲ್ಲಿ ತೆರವಾದುದೂ ಚಲನಚಿತ್ರ, ಬಂದುದೂ ಚಲನಚಿತ್ರ. ಆದರೂ ಈ ಬದಲಾವಣೆಯಲ್ಲಿ ಒಂದು ನ್ಯಾಯವಿದೆ. ಹಳೆಯದೆಂಬ ಕಾರಣಕ್ಕೆ ಯಾವುದೂ ಪೂಜ್ಯವಾಗುವುದಿಲ್ಲ.

೫

ಹಾಗಿದ್ದರೆ ವರ್ಣನೆ ಹಿಂದೆ ಸರಿದು ಒಡೆಯನುಳ್ಳ ಕಥೆ ಮುಂದೆ ಬರುವುದಕ್ಕೆ ಕಾರಣವೇನು? ಜನರ ಅಭಿರುಚಿ ಕೆಟ್ಟಿದೆ ಎಂಬುದು ಸುಲಭವಾದ, ಆದುದರಿಂದಲೇ ಅನುಮಾನಿಸಬೇಕಾದ ಉತ್ತರ. ಇದಕ್ಕೆ ಹೆಚ್ಚು ನಿಖರವಾದ ಉತ್ತರ ನಮ್ಮ ಕರಾವಳಿಯ ಯಕ್ಷಗಾನದ ಇತಿಹಾಸದಲ್ಲಿ ಸಿಗುತ್ತದೆ.

ಯಕ್ಷಗಾನದಲ್ಲಿ ಸ್ಥೂಲವಾಗಿ ಎರಡು ಬಗೆಯ ಮೇಳಗಳಿವೆ. ಕಟೀಲು, ಮಂದಾರ್ತಿ ಮೊದಲಾದ ಕ್ಷೇತ್ರಗಳ ಮೇಳಗಳು ಭಕ್ತರ ಹರಕೆಯ ಆಟಗಳನ್ನು ಬಯಲಿನಲ್ಲಿ ಆಡುತ್ತವೆ. ಆಟದ ವೆಚ್ಚವನ್ನು ಹರಕೆ ಹೊತ್ತವರು ವಹಿಸುತ್ತಾರೆ, ನೋಡುವವರಿಗೆ ಟಿಕೇಟಿಲ್ಲ. ಇನ್ನೊಂದು ಬಗೆ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಡೇರೆ ಮೇಳಗಳದು. ಅವು ಊರೂರಿನಲ್ಲಿ ಡೇರೆ ಹೊಡೆದು, ಟಿಕೇಟು ಮಾರಿ, ಅದರ ಗಳಿಕೆಯಿಂದಲೇ ಕಲಾವಿದರಿಗೆ ಸಂಬಳ ಕೊಡಬೇಕು. ಹರಕೆಯ ಮೇಳಗಳಲ್ಲಿ 'ದೇವಿಮಹಾತ್ಮೆ'ಯಂತಹ ಪೌರಾಣಿಕ ಪ್ರಸಂಗಗಳು ವರ್ಷದಿಂದ ವರ್ಷಕ್ಕೆ ನಡೆಯುತ್ತಲೇ ಬಂದಿವೆ. ಜನಪ್ರಿಯ ಚಲನಚಿತ್ರಗಳ ಕಥೆಗಳಿಗೆ ಕಿರೀಟ ತೊಡಿಸಿದ 'ಹೊಸ ಪ್ರಸಂಗ'ಗಳು ಮುಖ್ಯವಾಗಿ ಬೆಳೆದುದು ಡೇರೆಯಲ್ಲಿ. ಎರಡರ ಕಲಾವಿದರೂ ಬಹುಮಟ್ಟಿಗೆ ಒಂದೇ ಪರಂಪರೆಯವರು, ಪ್ರೇಕ್ಷಕರೂ ಅದೇ ಊರುಗಳವರು. ಬೇರೆಯಾದುದು ನಷ್ಟದ ಭಯವನ್ನು ಹೊರುವವರು ಯಾರು ಎಂಬ ಅಂಶ.

ಟಿಕೇಟು ಕೊಳ್ಳುವವನು ಆಟ ನೋಡುವುದಕ್ಕೆ ಮೊದಲೇ ಹಣ ಕೊಡುತ್ತಾನೆ. ಒಳಗಿರುವುದು ತನಗೆ ಹಿಡಿಸುತ್ತದೆಂಬ ಭರವಸೆ ಅವನಿಗೆ ಬೇಕು. ಈಗಾಗಲೇ ಗೆದ್ದ ಚಿತ್ರದ ಹೆಸರು ಆ ಭರವಸೆಯನ್ನು ಪುಕ್ಕಟೆಯಾಗಿ ಒದಗಿಸುತ್ತದೆ. ಹತ್ತಾರು ಕಲಾವಿದರ ಸಂಸಾರವನ್ನು ಹೊತ್ತ ಮೇಳದ ಯಜಮಾನನಿಗೂ, ಒಂದು ಆಟಕ್ಕೆ ಕೋಟ್ಯಂತರ ಡಾಲರು ಸುರಿಯುವ ಅಮೆರಿಕದ ಸಂಸ್ಥೆಗೂ ತರ್ಕ ಒಂದೇ. ಸಂಸ್ಥೆಗೆ ಇರುವ ಹೆಚ್ಚಿನ ಅನುಕೂಲವೆಂದರೆ ಚಿತ್ರವೂ ಅದರದೇ, ಉದ್ಯಾನವೂ ಅದರದೇ, ಬಾಗಿಲಲ್ಲಿ ಮಾರುವ ಬೊಂಬೆಯೂ ಅದರದೇ ಆಗಿರುವುದು.

ಇದರಿಂದ ರಂಗದ ಒಳಗೆ ಆದ ಪರಿಣಾಮವನ್ನು ಗಮನಿಸಬೇಕು. ಸಿನಿಮಾಕಥೆಯ ಪ್ರಸಂಗಕ್ಕೆ ಘಟನೆಗಳ ಓಟ ಮುಖ್ಯ. ಹೀಗಾಗಿ ಯಕ್ಷಗಾನದ ವರ್ಣನಾಂಗಗಳು, ಅಂದರೆ ಪೂರ್ವರಂಗ, ಒಡ್ಡೋಲಗ, ಬಣ್ಣದ ವೇಷದ ಆರ್ಭಟದ ಪ್ರವೇಶ, ಬೇಟೆಯ ಮತ್ತು ಜಲಕ್ರೀಡೆಯ ಕುಣಿತಗಳು ಕುಗ್ಗಿದವು. ಪುರಾಣದ ಪಾತ್ರದ ಬಾಯಲ್ಲಿ ಅರ್ಥಧಾರಿ ರಾತ್ರಿಯಿಡೀ ಹೊಸ ವಾದ ಹೂಡಬಹುದಾಗಿತ್ತು. ವಾಲಿಯ ಪ್ರಶ್ನೆಗೆ ರಾಮ ಪ್ರತಿ ಆಟದಲ್ಲಿಯೂ ಬೇರೆ ಉತ್ತರ ಕೊಡಬೇಕಾಗಿತ್ತು. ಚಿತ್ರದ ಸಂಭಾಷಣೆಯನ್ನು ಬಾಯಿಪಾಠ ಮಾಡಿ ಬಂದ ಪ್ರೇಕ್ಷಕನೆದುರು ಆ ಸ್ವಾತಂತ್ರ್ಯ ಕಿರಿದಾಗುತ್ತದೆ. ಆದರೂ ಡೇರೆಯ ಕಲಾವಿದರನ್ನು ದೂರುವುದು ಸಲ್ಲದು. ಹರಕೆಯ ಆಸರೆಯಿಲ್ಲದೆ ಕಲೆಯನ್ನೇ ನಂಬಿ ಬದುಕಿದವರು ಅವರು.

೬

ಈ ತರ್ಕ ಡೇರೆಯಿಂದ ಹೊರಬಂದು ನೆಲವನ್ನೇ ವ್ಯಾಪಿಸಬಲ್ಲದೆಂಬುದಕ್ಕೆ ರಾಮನಗರದ ಬೆಟ್ಟಗಳು ನಿದರ್ಶನ. ೧೯೭೫ರ ಆಗಸ್ಟ್ ೧೫ರಂದು ತೆರೆಕಂಡ 'ಶೋಲೆ' ಹಿಂದಿ ಚಿತ್ರದ ರಾಮಗಢವೆಂಬ ಕಲ್ಪಿತ ಹಳ್ಳಿಯನ್ನು ಕಟ್ಟಿದುದು ರಾಮದೇವರ ಬೆಟ್ಟದ ಆಸುಪಾಸಿನಲ್ಲಿ. ಅಂದಿನಿಂದ ದೂರದ ಪ್ರವಾಸಿಗಳಿಗೆ ಅದು 'ಶೋಲೆ ಬೆಟ್ಟ'. ಬೆಟ್ಟದಲ್ಲಿ ರಾಮದೇವರ ಗುಡಿಯಿದೆ, ಸ್ಥಳಪುರಾಣವಿದೆ. ಅದರ ಕಡಿದಾದ ಬಂಡೆಗಳಲ್ಲಿ ಅಳಿವಿನಂಚಿನ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದುದರಿಂದ ೨೦೧೨ರಲ್ಲಿ ಆ ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಇಷ್ಟಾಗಿಯೂ ಬಂದವರು ಕೇಳುವುದು ಗಬ್ಬರ್ ಸಿಂಗ್ ನಿಂತ ಬಂಡೆ ಯಾವುದೆಂದು. ನಾರ್ವೆಯ ಜಾಗದಲ್ಲಿ ಅರೆಂಡೆಲ್ ಬಂದುದಕ್ಕೆ ಯಂತ್ರಗಳನ್ನು ಕಿತ್ತು ಜೋಡಿಸಬೇಕಾಯಿತು. ರಾಮದೇವರ ಬೆಟ್ಟದಲ್ಲಿ ಒಂದು ಕಲ್ಲನ್ನೂ ಕದಲಿಸದೆ ಆ ಪಲ್ಲಟ ನಡೆದುಹೋಯಿತು. ಈ ಹೊಸ ಹೆಸರಿಗೆ ಒಡೆಯನೂ ಇದ್ದಾನೆ. 'ಶೋಲೆ' ಎಂಬ ಹೆಸರಿಗೆ ವ್ಯಾಪಾರಮುದ್ರೆಯ ರಕ್ಷಣೆಯುಂಟೆಂದು ದೆಹಲಿಯ ಉಚ್ಚ ನ್ಯಾಯಾಲಯ ೨೦೨೨ರಲ್ಲಿ ತೀರ್ಪಿತ್ತಿದೆ. ರಾಮದೇವರ ಬೆಟ್ಟವೆಂದು ಕರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನೋಡಬಹುದು. ಗಾಜಿನ ಮನೆಯಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಈ ಪ್ರದರ್ಶನದ ಮೂಲ ಆಕರ್ಷಣೆ ಹೂವೇ. ೨೦೨೨ರ ಆಗಸ್ಟಿನಲ್ಲಿ ಅದು ಡಾ. ರಾಜ್‌ಕುಮಾರ್ ಮತ್ತು ಅದರ ಹಿಂದಿನ ವರ್ಷ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರಿಗೆ ಅರ್ಪಿತವಾಗಿತ್ತು. ಗಾಜನೂರಿನ ಮನೆ ಹೂವಿನಲ್ಲಿ ಅರಳಿತ್ತು. ಅಲ್ಲಿ ನೆರೆದ ಜನರ ದುಃಖವೂ ಪ್ರೀತಿಯೂ ನಿಜವಾದವು. ಹೂವಿಗೆ ಚಲನಚಿತ್ರದ ಮೈಲಿಗೆಯಾಯಿತೆಂದು ಹೇಳಿದವರ ಮಾತನ್ನು ನಾವು ಒಪ್ಪಲಾರೆವು. ಆದರೆ ೨೦೨೪ರ ಜನವರಿಯಲ್ಲಿ ಅದೇ ಗಾಜಿನ ಮನೆಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, ೨೦೨೫ರ ಜನವರಿಯಲ್ಲಿ ವಾಲ್ಮೀಕಿ ವಸ್ತುವಾದರು. ಕಥೆ ಇಲ್ಲಿ ಅತಿಥಿಯಾಗಿ ಬಂದು, ಹೂ ಬಾಡುವ ಹೊತ್ತಿಗೆ ಎದ್ದುಹೋಗುತ್ತದೆ. ಉದ್ಯಾನ ಉದ್ಯಾನವಾಗಿಯೇ ಉಳಿಯುತ್ತದೆ. ಬರುವ ಕಥೆ ಸಿನಿಮಾದ್ದೋ ಪುರಾಣದ್ದೋ ಎಂಬ ಪ್ರಶ್ನೆಗಿಂತ ಅದು ನೆಂಟನಾಗಿ ಬಂತೇ, ಒಕ್ಕಲೆಬ್ಬಿಸಲು ಬಂತೇ ಎಂಬ ಪ್ರಶ್ನೆ ಮುಖ್ಯವೆಂದು ನಮಗೆ ತೋರುತ್ತದೆ.

ಈ ವಿವೇಚನೆ ಕೇವಲ ಶಾಸ್ತ್ರಚರ್ಚೆಯಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ೧೯೩೨ರ ಹೊತ್ತಿಗೆ ಸಿದ್ಧವಾದ ಕೃಷ್ಣರಾಜಸಾಗರದ ಬೃಂದಾವನ ಕನ್ನಡ ನಾಡಿನ ಅತ್ಯಂತ ಪ್ರಸಿದ್ಧ ವಿಹಾರೋದ್ಯಾನ. ಅದರಲ್ಲಿ ಕಥೆಯಿಲ್ಲ, ನೀರು, ಬೆಳಕು, ಮೆಟ್ಟಿಲುಮೆಟ್ಟಿಲಾದ ಹಸಿರು ಇಷ್ಟೇ ಇದೆ. ಕಟ್ಟಿದವರು ಬಯಸಿದರೋ ಇಲ್ಲವೋ, ಅದು ಉದ್ಯಾನಕ್ರೀಡೆ ಜಲಕ್ರೀಡೆಗಳ ವರ್ಣನೆಯನ್ನು ಸಾಮಾನ್ಯ ಜನರಿಗೆ ತೆರೆದಿಟ್ಟ ಕಾವ್ಯ. ಹಲವು ಭಾಷೆಗಳ ಚಿತ್ರಗಳು ಅಲ್ಲಿ ಹಾಡುಗಳನ್ನು ಚಿತ್ರಿಸಿಕೊಂಡು ಹೋದವು. ಅದನ್ನು ಡಿಸ್ನಿಲ್ಯಾಂಡಿನ ಮಾದರಿಯಲ್ಲಿ ಬೆಳೆಸಬೇಕೆಂಬ ಮಾತು ೨೦೧೮ರಲ್ಲಿ ಸರಕಾರದಿಂದ ಕೇಳಿಬಂದಿತು. ೨೦೨೪ರಲ್ಲಿ ಖಾಸಗಿ ಸಹಭಾಗಿತ್ವದೊಂದಿಗೆ ಅದನ್ನು ಮೇಲ್ದರ್ಜೆಗೇರಿಸುವ, ೨,೬೬೩ ಕೋಟಿ ರೂಪಾಯಿಗೂ ಮೀರಿದ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅಷ್ಟು ಹಣ ಹೂಡಿದವರು ಹಣ ಮರಳಿ ಬರುವ ಭರವಸೆ ಕೇಳುವುದು ನಿಶ್ಚಯ. ಡೇರೆಯ ಇತಿಹಾಸ ಹೇಳುವಂತೆ, ಅಂತಹ ಭರವಸೆಗೆ ಅತ್ಯಂತ ಹತ್ತಿರದ ದಾರಿ ಈಗಾಗಲೇ ಗೆದ್ದ ಕಥೆ ಮತ್ತು ಈಗಾಗಲೇ ಪರಿಚಿತವಾದ ಮುಖ.

೭

ಒಟ್ಟಾರೆಯಾಗಿ ಹೇಳುವುದಾದರೆ, ವಿನೋದೋದ್ಯಾನದಲ್ಲಿ ಚಲನಚಿತ್ರದ ಪ್ರವೇಶವನ್ನು ಸಾರಾಸಗಟಾಗಿ ವಿರೋಧಿಸುವುದು ನಮ್ಮ ಕಾವ್ಯಪರಂಪರೆಯ ಅರಿವಿಗೇ ವಿರುದ್ಧವಾದುದು. ಗೊತ್ತಿದ್ದ ಕಥೆಯನ್ನು ಮತ್ತೆ ಹೇಳುವುದರಲ್ಲಿ ಕನ್ನಡ ಕವಿಗಳು ಎಂದೂ ನಾಚಿದವರಲ್ಲ. ಆದರೆ ಅವರು ಕಥೆ ಹೇಳುವಾಗಲೂ ವರ್ಣನೆಗೆ ಅದರ ಪಾಲನ್ನು ಬಿಟ್ಟುಕೊಟ್ಟರು. ಕುಮಾರವ್ಯಾಸನ ವೇಗದಲ್ಲಿಯೂ ಓದುಗ ನಿಂತು ನೋಡುವ ಎಡೆಗಳಿವೆ. ಯಾವ ಹೊಸ ಆಕರ್ಷಣೆಯನ್ನಾದರೂ ಬೆಲೆಕಟ್ಟುವಾಗ ಮೂರು ಪ್ರಶ್ನೆಗಳನ್ನು ಕೇಳಬಹುದೆಂದು ನಮ್ಮ ಸೂಚನೆ. ಆ ಚಿತ್ರವನ್ನು ನೋಡದವನಿಗೂ ಅದರಲ್ಲಿ ಬೆರಗು ದೊರೆಯುತ್ತದೆಯೇ? ಅದರ ಪಾತ್ರವನ್ನು ನೋಡುಗ ತನ್ನಂತೆ ಕಲ್ಪಿಸಿಕೊಳ್ಳಲು ಸಾಧ್ಯವೇ? ಆ ಕಥೆಯ ಜನಪ್ರಿಯತೆ ಇಳಿದ ದಿನ ಆ ಜಾಗದಲ್ಲಿ ಏನು ಉಳಿಯುತ್ತದೆ?

ಕೊನೆಯ ಪ್ರಶ್ನೆಯೇ ಹೆಚ್ಚು ಭಾರವಾದುದು. ಕಥೆಗಳಿಗೆ ಆಯುಷ್ಯವಿದೆ, ಇಂದಿನ ಮಕ್ಕಳು ಗುರುತಿಸುವ ಮುಖವನ್ನು ಅವರ ಮಕ್ಕಳು ಗುರುತಿಸಲಾರರು. ನೀರಿಗೆ, ಎತ್ತರಕ್ಕೆ, ಕತ್ತಲೆಗೆ, ಬೆಳಕಿಗೆ ಆ ಭಯವಿಲ್ಲ. ವರ್ಣನೆ ಕಾವ್ಯದ ಅಲಂಕಾರವೆಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಸಾರ್ವಜನಿಕ ವಿನೋದದ ಮಟ್ಟಿಗೆ ಅದು ಎಲ್ಲರಿಗೂ ಸೇರಿದ ಗೋಮಾಳ. ಹೊಸ ಉದ್ಯಾನಗಳ ನಕ್ಷೆ ಬರೆಯುವವರ ನಡುವೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೂ ಒಂದು ಮಾತು ಹೇಳುವ ಹಕ್ಕಿದ್ದರೆ, ಅದು ಈ ಗೋಮಾಳದ ಗಡಿಕಲ್ಲುಗಳನ್ನು ಗುರುತಿಸಿ ತೋರಿಸುವುದೇ ಆಗಿದೆ. ಯಕ್ಷಗಾನದ ಹೊಸ ಪ್ರಸಂಗಗಳಲ್ಲಿ ವರ್ಣನಾಂಗಗಳು ಯಾವ ಕ್ರಮದಲ್ಲಿ ಕುಗ್ಗಿದವು, ಯಾವುವು ಉಳಿದುಕೊಂಡವು ಎಂಬುದನ್ನು ಪ್ರಸಂಗಪ್ರತಿಗಳ ಆಧಾರದಿಂದ ಸವಿವರವಾಗಿ ಅಧ್ಯಯನ ಮಾಡುವ ಅಗತ್ಯವಿದೆ. ಆ ಕೆಲಸವನ್ನು ಕಿರಿಯ ಸಂಶೋಧಕರು ಕೈಗೆತ್ತಿಕೊಳ್ಳುವರೆಂದು ಆಶಿಸುತ್ತೇವೆ.